ಪತ್ರಗಳಿಂದ ಗಾಳಿಯ ಗುಟ್ಟು ಬಿಡಿಸಿದ ವಿಲಿಯಂ ರಾಮ್ಸೆ



ವಾರ್ಷಿಕೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರಿ ಅಂತ ಸಂಘದ ಅಣ್ಣಂದಿರು ಹೇಳಿದ್ರು. ಬಾಬಾಸಾಹೇಬರ ಬಗ್ಗೆ, ಜೋತಿಬಾ ಫುಲೆ, ಸಾವಿತ್ರಿಬಾಯಿ ಬಗ್ಗೆ ನನಗಿಂತ ಚೆನ್ನಾಗಿ ಬರೆಯೋರು ನಮ್ಮಲ್ಲಿ ಇದ್ದಾರೆ. ನಾನು ಬೇರೆ ದೇಶದ ಒಬ್ಬ ರಸಾಯನ ವಿಜ್ಞಾನಿಯನ್ನ ಆರಿಸಿಕೊಂಡೆ. ನಾನು ಬಿ.ಎ. ಹುಡುಗ, ಸೈನ್ಸು ಹತ್ತನೇ ಕ್ಲಾಸಿಗೇ ಬಿಟ್ಟವನು. ಹಂಗಿದ್ರೂ ಈ ಮನುಷ್ಯ ಯಾಕೆ ಹಿಡಿಸಿದ್ರು ಅಂದ್ರೆ, ಇವರ ದೊಡ್ಡ ಕೆಲಸಗಳೆಲ್ಲ ಒಂದೊಂದು ಪತ್ರಕ್ಕೆ ಅಂಟಿಕೊಂಡಿವೆ. ಪತ್ರದ ಬೆಲೆ ಏನು ಅನ್ನೋದು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು.

ನಮ್ಮ ಅಜ್ಜ ವಿಜಾಪುರ ಕಡೆಯಿಂದ ಮಡಗಾಂವಿಗೆ ಕಟ್ಟಡ ಕೆಲಸಕ್ಕೆ ಬಂದಾಗ ಊರಿಂದ ಕಾರ್ಡು ಬರ್ತಿದ್ವಂತೆ. ಮನೆಯಲ್ಲಿ ಯಾರಿಗೂ ಓದಾಕ ಬರ್ತಿರಲಿಲ್ಲ. ಗುಡ್ಡ ಇಳಿದು ಹೋಗಿ, ಕನ್ನಡ ಬಲ್ಲ ಒಬ್ಬರ ಅಂಗಡಿ ಮುಂದೆ ಗಿರಾಕಿ ಕರಗೋತನಕ ನಿಂತು ಓದಿಸಿಕೊಂಡು ಬರಬೇಕಿತ್ತು. ಒಂದ್ಸಲ ಆ ಅಂಗಡಿಯವರು ಊರಲ್ಲಿರಲಿಲ್ಲ. ಕಾರ್ಡು ನಾಲ್ಕು ದಿನ ಹಿಟ್ಟಿನ ಡಬ್ಬಿ ಮೇಲೆ ಬಿದ್ದಿತ್ತು. ಓದಿಸಿದಾಗ ಗೊತ್ತಾಯ್ತು, ಅಜ್ಜನ ತಾಯಿಗೆ ಜಡ್ಡಾಗಿದೆ, ಕೂಡಲೇ ಬರಬೇಕು ಅಂತ. ಅಜ್ಜ ಊರು ಮುಟ್ಟೋದರೊಳಗ ಮಣ್ಣಾಗಿತ್ತು. ಈ ಮಾತು ಬಂದಾಗ ಅಜ್ಜಿ ಈಗಲೂ ಸುಮ್ಮನಾಗ್ತಾಳೆ. ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ರಾಮ್ಸೆಯವರ ಕಥೆ ಓದ್ರಿ.

ವಿಲಿಯಂ ರಾಮ್ಸೆ 1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದರು. ತಂದೆ ಇಂಜಿನಿಯರ್. ನಮ್ಮಂಗ ಕಷ್ಟದಲ್ಲಿ ಬೆಳೆದವರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮುಂದೆ ಜರ್ಮನಿಯ ಟ್ಯೂಬಿಂಗೆನ್‌ಗೆ ಹೋಗಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಗ್ಲಾಸ್ಗೋದಲ್ಲಿ, ಬ್ರಿಸ್ಟಲ್‌ನಲ್ಲಿ ಪಾಠ ಹೇಳಿ, 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರೊಫೆಸರ್ ಆಗಿ ಬಂದರು. ಪ್ರೊಫೆಸರ್ ಆದರೂ ಕೈಕೆಲಸ ಬಿಡಲಿಲ್ಲ. ಪ್ರಯೋಗಕ್ಕೆ ಬೇಕಾದ ಗಾಜಿನ ಕೊಳವೆಗಳನ್ನ ತಾವೇ ಬೆಂಕಿಯಲ್ಲಿ ಊದಿ ಮಾಡ್ಕೊಳ್ತಿದ್ದರು. ಅದರಲ್ಲಿ ಅವರದು ಎತ್ತಿದ ಕೈ.

ಅದೇ ಹೊತ್ತಿನಲ್ಲಿ ಲಾರ್ಡ್ ರೇಲಿ ಅನ್ನೋ ಇನ್ನೊಬ್ಬ ವಿಜ್ಞಾನಿ ಒಂದು ತೊಡಕಿನಲ್ಲಿ ಸಿಕ್ಕಿದ್ದರು. ಗಾಳಿಯಿಂದ ತೆಗೆದ ಸಾರಜನಕ, ಅಂದ್ರೆ ನೈಟ್ರೋಜನ್, ಒಂದು ಲೀಟರಿಗೆ 1.2572 ಗ್ರಾಂ ತೂಗ್ತಿತ್ತು. ಬೇರೆ ರಾಸಾಯನಿಕಗಳಿಂದ ತೆಗೆದ ಅದೇ ಸಾರಜನಕ 1.2505 ಗ್ರಾಂ ಮಾತ್ರ. ಎಷ್ಟು ಸಲ ತೂಗಿದರೂ ವ್ಯತ್ಯಾಸ ಹೋಗಲೊಲ್ಲದು. ರೇಲಿ ಜಮೀನ್ದಾರಿ ಮನೆತನದವರು, ದೊಡ್ಡ ಹೆಸರಿದ್ದವರು. ತಪ್ಪನ್ನ ಮುಚ್ಚಿಟ್ಟುಕೊಂಡು ಸುಮ್ಮನಿರಬಹುದಿತ್ತು. ಅವರು 1892ರಲ್ಲಿ ನೇಚರ್ ಅನ್ನೋ ಪತ್ರಿಕೆಗೆ ಒಂದು ಪತ್ರ ಬರೆದು, ಇದರ ಕಾರಣ ತಮಗೆ ತಿಳೀತಿಲ್ಲ, ರಸಾಯನಶಾಸ್ತ್ರ ಬಲ್ಲವರು ಹೇಳಬೇಕು ಅಂತ ಎಲ್ಲರ ಮುಂದೆ ಕೇಳಿಕೊಂಡರು.

1894ರ ಏಪ್ರಿಲ್‌ನಲ್ಲಿ ರೇಲಿಯವರ ಭಾಷಣ ಕೇಳಿದ ಮೇಲೆ ರಾಮ್ಸೆ ಈ ಕೆಲಸಕ್ಕೆ ಕೈಹಾಕಿದರು. ಹಂಗೇ ನುಗ್ಗಲಿಲ್ಲ. ನಿಮ್ಮ ವಿಷಯದ ಮೇಲೆ ನಾನೂ ದುಡೀಬಹುದಾ ಅಂತ ಮೊದಲು ರೇಲಿಯವರ ಒಪ್ಪಿಗೆ ಪಡೆದರು. ಗಾಳಿಯ ಸಾರಜನಕವನ್ನ ಕಾದು ಕೆಂಪಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಸಾರಜನಕವನ್ನೆಲ್ಲ ಲೋಹ ಹೀರಿಕೊಳ್ತು, ಸ್ವಲ್ಪ ಗಾಳಿ ಮಾತ್ರ ಯಾವುದಕ್ಕೂ ಸೇರದೆ ಉಳೀತು. ರೇಲಿ ತಮ್ಮ ಮನೆಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅದನ್ನೇ ಬೇರೆ ದಾರಿಯಿಂದ ಹುಡುಕ್ತಿದ್ದರು. ಆ ಬೇಸಿಗೆಯೆಲ್ಲ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಆಗಸ್ಟ್ ಮೊದಲ ವಾರ, ಹೊಸ ಅನಿಲವನ್ನ ಬೇರೆ ಮಾಡಿದ್ದೇನೆ ಅಂತ ರಾಮ್ಸೆ ಬರೆದರೆ, ತಮಗೂ ಸಿಕ್ಕಂಗದೆ ಅಂತ ರೇಲಿ ಉತ್ತರ ಬರೆದರು. ಯಾರು ಮೊದಲು ಅಂತ ಜಗಳ ತೆಗೆಯೋಕೆ ಇದಕ್ಕಿಂತ ಒಳ್ಳೆ ಸಂದರ್ಭ ಇನ್ನೊಂದಿಲ್ಲ. ಇಬ್ಬರೂ ಕೂಡಿಯೇ ಆಗಸ್ಟ್ 13ರಂದು ಆಕ್ಸ್‌ಫರ್ಡ್ ಸಭೆಯಲ್ಲಿ ಜಗತ್ತಿಗೆ ತಿಳಿಸಿದರು. ಯಾವುದರ ಜೊತೆಗೂ ಬೆರೆಯದ ಆ ಸೋಮಾರಿ ಅನಿಲಕ್ಕೆ ಆರ್ಗಾನ್ ಅಂತ ಹೆಸರಾಯ್ತು.

ಇದೆಲ್ಲ ನಮಗ್ಯಾಕೆ ಅಂತೀರಾ? ಸ್ಟೀಲ್ ರೇಲಿಂಗ್ ಕೂಡಿಸೋ ನಮ್ಮ ಹುಡುಗರನ್ನ ಕೇಳ್ರಿ. ಅವರು ಆರ್ಗಾನ್ ವೆಲ್ಡಿಂಗ್ ಅಂತಾರಲ್ಲ, ಸಿಲಿಂಡರಿನಲ್ಲಿ ತುಂಬಿರೋದು ಇದೇ ಅನಿಲ. ಯಾವುದಕ್ಕೂ ಬೆರೆಯದೆ ಇರೋದರಿಂದಲೇ ಕಾದ ಲೋಹವನ್ನ ಗಾಳಿ ತಾಗದಂಗೆ ಅದು ಕಾಯ್ತದೆ.

ಎರಡನೇ ಪತ್ರ 1895ರಲ್ಲಿ ಬಂತು. ಬ್ರಿಟಿಷ್ ಮ್ಯೂಸಿಯಂನ ಮೈಯರ್ಸ್ ಅನ್ನೋರು, ಅಮೆರಿಕದ ಹಿಲೆಬ್ರಾಂಡ್ ಎಂಬ ವಿಜ್ಞಾನಿ ಯುರೇನಿಯಂ ಇರೋ ಕಲ್ಲಿನಿಂದ ಒಂದು ಅನಿಲ ತೆಗೆದಿದ್ದಾರೆ, ನೋಡ್ರಿ ಅಂತ ರಾಮ್ಸೆಗೆ ಬರೆದರು. ಹಿಲೆಬ್ರಾಂಡ್ ಅದನ್ನ ಸಾರಜನಕ ಅಂದುಕೊಂಡಿದ್ದರು. ರಾಮ್ಸೆ ಅಂಥದೇ ಕಲ್ಲು ತರಿಸಿ ಪರೀಕ್ಷೆ ಮಾಡಿದಾಗ ಬೆಳಕಿನಲ್ಲಿ ಒಂದು ಹಳದಿ ಗೆರೆ ಕಾಣಿಸ್ತು. ಸರಿಯಾಗಿ ಅಳೆಯಲಿ ಅಂತ ಗೆಳೆಯ ಕ್ರೂಕ್ಸ್‌ಗೆ ಕಳಿಸಿದರು. ಕ್ರೂಕ್ಸ್ ತಂತಿ ಕಳಿಸಿ, ಇದು ಹೀಲಿಯಂ ಅಂತ ತಿಳಿಸಿದರು. ಆ ಹಳದಿ ಗೆರೆಯನ್ನ ಅದಕ್ಕೂ ಮೊದಲು ಸೂರ್ಯನ ಬೆಳಕಿನಲ್ಲಷ್ಟೇ ಕಂಡಿದ್ದರು. 1868ರ ಸೂರ್ಯಗ್ರಹಣದಲ್ಲಿ ಅದನ್ನ ನೋಡಿದವರಲ್ಲಿ ಒಬ್ಬರಾದ ಫ್ರಾನ್ಸಿನ ಜಾನ್ಸೆನ್ ಆಗ ನಮ್ಮ ಆಂಧ್ರದ ಗುಂಟೂರಿನಲ್ಲಿದ್ದರು. ಈ ಸಂತೋಷವನ್ನ ರಾಮ್ಸೆ ಹೆಂಡತಿ ಮಾರ್ಗರೆಟ್‌ಗೂ ಪತ್ರ ಬರೆದು ಹಂಚಿಕೊಂಡರು. ಕೈತಪ್ಪಿದ ಹಿಲೆಬ್ರಾಂಡ್ ಹೊಟ್ಟೆಕಿಚ್ಚು ಪಡಲಿಲ್ಲ, ತಮ್ಮ ಕಣ್ತಪ್ಪನ್ನ ಒಪ್ಪಿಕೊಂಡು ಒಳ್ಳೆ ಮನಸ್ಸಿನಿಂದ ಪತ್ರ ಬರೆದರು.

1898ರಲ್ಲಿ ಶಿಷ್ಯ ಮಾರಿಸ್ ಟ್ರಾವರ್ಸ್ ಜೊತೆ ಸೇರಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಕಂಡುಹಿಡಿದರು. 1904ರಲ್ಲಿ ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್, ಅದೇ ವರ್ಷ ರೇಲಿಗೆ ಭೌತಶಾಸ್ತ್ರದ ನೊಬೆಲ್. ಗೊತ್ತಿಲ್ಲ ಅಂತ ಬರೆದವರಿಗೂ ಬಹುಮಾನ, ನೋಡೋಣ ಅಂತ ಕೈಜೋಡಿಸಿದವರಿಗೂ ಬಹುಮಾನ.

ಈಗ ನಮ್ಮ ಕನ್ನಡ ನಾಡಿಗೆ ಬರ್ತೀನಿ. ಜಮ್ಷೆಟ್ಜಿ ಟಾಟಾ ಸುಮಾರು 30 ಲಕ್ಷ ರೂಪಾಯಿಯ ಆಸ್ತಿ ಕೊಟ್ಟು ಇಂಡಿಯಾದಲ್ಲಿ ಒಂದು ವಿಜ್ಞಾನ ಸಂಸ್ಥೆ ಕಟ್ಟಬೇಕು ಅಂದಿದ್ದರು. ಎಲ್ಲಿ ಕಟ್ಟೋದು ಅಂತ ಸಲಹೆ ಕೊಡೋಕೆ ರಾಮ್ಸೆಯನ್ನ ಕರೆಸಿದರು. 1900-01ರಲ್ಲಿ ಅವರು ದೇಶ ಸುತ್ತಿ, ಬೆಂಗಳೂರೇ ಸರಿ ಅಂತ ವರದಿ ಕೊಟ್ಟರು. ಮೈಸೂರು ಸರ್ಕಾರ 371 ಎಕರೆ ಜಮೀನು ಕೊಟ್ಟಿತು. ಟಾಟಾ 1904ರಲ್ಲೇ ತೀರಿಕೊಂಡರು, ಸಂಸ್ಥೆ 1909ರಲ್ಲಿ ಸ್ಥಾಪನೆಯಾಯ್ತು. ರಾಮ್ಸೆಯ ಶಿಷ್ಯ ಟ್ರಾವರ್ಸ್ ಅದರ ಮೊದಲ ಡೈರೆಕ್ಟರ್. 1911ರಲ್ಲಿ ಅಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದಾಗ ನಮ್ಮ ಮುತ್ತಜ್ಜಂದಿರು ಹಳ್ಳಿ ಶಾಲೆಯ ಕಟ್ಟೆಯನ್ನೂ ಹತ್ತಿರಲಿಲ್ಲ. ಈ ಮಾತನ್ನ ಹೇಳದೆ ಮುಂದೆ ಹೋದ್ರೆ ನನ್ನ ಮನಸ್ಸಿಗೆ ಸಮಾಧಾನ ಆಗೋದಿಲ್ಲ.

ರಾಮ್ಸೆ ಬರೆದ ಒಂದು ಶಿಫಾರಸು ಪತ್ರವೂ ಇದೆ. 1904ರಲ್ಲಿ ಓಟೋ ಹಾನ್ ಅನ್ನೋ ಜರ್ಮನ್ ಹುಡುಗ ಇಂಗ್ಲಿಷ್ ಕಲಿಯೋಕೆ ಅಂತ ಅವರ ಲ್ಯಾಬಿಗೆ ಬಂದ. ಮುಂದೆ ಕಾರ್ಖಾನೆ ಕೆಲಸಕ್ಕೆ ಸೇರೋ ಯೋಚನೆ ಅವನದು. ಹುಡುಗನ ಕೈಗುಣ ಕಂಡ ರಾಮ್ಸೆ, ಬರ್ಲಿನ್ನಿನ ಎಮಿಲ್ ಫಿಷರ್‌ಗೆ ಪತ್ರ ಬರೆದು ಅವನಿಗೆ ಜಾಗ ಕೊಡಿಸಿದರು. ಅದೇ ಹಾನ್ ಮುಂದೆ ಯುರೇನಿಯಂ ಪರಮಾಣು ಒಡೆಯೋದನ್ನ ಕಂಡು 1944ರ ನೊಬೆಲ್ ಪಡೆದ. ನಮ್ಮ ಓಣಿಯ ಹುಡುಗ ಹುಡುಗಿಯರಲ್ಲಿ ಬುದ್ಧಿಗೆ ಕೊರತೆ ಇಲ್ಲ. ಹಿಂಗೊಂದು ಪತ್ರ ಬರೆದು ಕೊಡೋರು ಯಾರಿದ್ದಾರೆ?

ರಾಮ್ಸೆ ದೇವರಲ್ಲ, ತಪ್ಪೂ ಮಾಡಿದರು. ತಾಮ್ರದಿಂದ ಲಿಥಿಯಂ ಹುಟ್ಟಿತು ಅಂತ 1907ರಲ್ಲಿ ಹೇಳಿದರು. ಮೇರಿ ಕ್ಯೂರಿ ಗಾಜಿನ ಪಾತ್ರೆ ಬಿಟ್ಟು ಪ್ಲಾಟಿನಂ ಪಾತ್ರೆಯಲ್ಲಿ ಮಾಡಿ ನೋಡಿದಾಗ ಲಿಥಿಯಂ ಬರಲಿಲ್ಲ. ಗಾಜು ಊದೋದರಲ್ಲಿ ಪಳಗಿದ ಮನುಷ್ಯನಿಗೆ ಗಾಜೇ ಮೋಸ ಮಾಡಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅದಕ್ಕಿಂತ ದೊಡ್ಡ ತಪ್ಪು ಮಾಡಿದರು. ತಾವೇ ಓದಿ ಬಂದ ಜರ್ಮನಿಯ ವಿಜ್ಞಾನವನ್ನ ಹೀನಾಯವಾಗಿ ಬರೆದರು, ಹಳೆಯ ಸ್ನೇಹಗಳು ಮುರಿದವು. ದೇಶ, ಕುಲ ನೋಡದೆ ಪತ್ರ ಬರೆದಾಗ ದೊಡ್ಡವರಾದರು, ಒಂದು ಜನಾಂಗವನ್ನೇ ಕೀಳು ಅಂದಾಗ ಸಣ್ಣವರಾದರು. ಕೀಳು ಅನ್ನಿಸಿಕೊಂಡ ನೋವು ಉಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1916ರ ಜುಲೈ 23ರಂದು ಮೂಗಿನ ಕ್ಯಾನ್ಸರಿನಿಂದ ರಾಮ್ಸೆ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಲಂಡನ್ನಿಗೆ ಬಾಬಾಸಾಹೇಬರು ಓದೋಕೆ ಬಂದು ಸೇರಿದರು. ಬೆಂಗಳೂರಿನಲ್ಲಿ ದುಡಿದಿದ್ದ ಟ್ರಾವರ್ಸ್ ತಮ್ಮ ಗುರುವಿನ ಪತ್ರಗಳನ್ನೆಲ್ಲ ಹುಡುಕಿ ಕೂಡಿಸಿ, 1956ರಲ್ಲಿ ಅವರ ಜೀವನಚರಿತ್ರೆ ಹೊರತಂದರು. ಪತ್ರಗಳನ್ನ ಇಟ್ಟುಕೊಂಡಿದ್ದಕ್ಕೇ ಇವತ್ತು ನಾನು ಇಷ್ಟು ಬರೆಯೋಕಾಯ್ತು.

ನಮ್ಮ ಅಜ್ಜನ ಆ ಕಾರ್ಡು ಈಗ ಇಲ್ಲ. ಆದ್ರೆ ಓದಾಕ ಬರದೆ ಡಬ್ಬಿ ಮೇಲೆ ಬಿದ್ದಿರೋ ಕಾಗದಗಳು ಈ ಗುಡ್ಡದ ಮೇಲೆ ಇನ್ನೂ ಇವೆ: ಸ್ಕಾಲರ್‌ಶಿಪ್ ಅರ್ಜಿ, ಜಾತಿ ಪ್ರಮಾಣಪತ್ರದ ನೋಟಿಸು, ಬ್ಯಾಂಕಿನ ಕಾಗದ, ಕಾಲೇಜಿನ ಫಾರ್ಮು. ಪ್ರತಿ ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ ನಾನೂ ನನ್ನ ಗೆಳೆಯರೂ ಕೂಡ್ತೀವಿ. ಕನ್ನಡ, ಇಂಗ್ಲಿಷ್, ಮರಾಠಿ, ಯಾವ ಕಾಗದ ಇದ್ರೂ ತಗೊಂಡು ಬರ್ರಿ. ಗೊತ್ತಿಲ್ಲ ಅನ್ನೋಕೆ ನಾಚಬ್ಯಾಡ್ರಿ, ಅಷ್ಟು ದೊಡ್ಡ ರೇಲಿಯವರೇ ನಾಚಲಿಲ್ಲ. ನಮಗೂ ತಿಳಿಯದಿದ್ರೆ ತಿಳಿದವರಿಗೆ ಬರೆದು ಕೇಳೋಣ. ಆದ್ರೆ ಯಾರ ಮನೆಯ ಕಾಗದವೂ ಇನ್ನು ಮೇಲೆ ನಾಲ್ಕು ದಿನ ಓದದೆ ಬೀಳಬಾರದು.

ಜೈ ಭೀಮ್.