ಟಿಕ್ ಎನ್ನದ ಗೈಗರ್

ಸೇಡಂನ ನಮ್ಮ ಲ್ಯಾಬಿನಲ್ಲಿ ಗೈಗರ್ ಕೌಂಟರ್ ಮೂಕವಾಗಿತ್ತು. ಕೊನೆಗೆ ಬಳಸಿದವನು ನಾನೇ. ಹೊಸ ಸೆಲ್ ಹಾಕಿದರೂ ಅಷ್ಟೇ. ಎದುರಿಗೆ ಏನೂ ಇಲ್ಲದಿದ್ದರೂ ಕಲ್ಲು, ಆಕಾಶದ ವಿಕಿರಣಕ್ಕೆ ಅದು ಆಗಾಗ ಟಿಕ್ ಎನ್ನಲೇಬೇಕು.

ಚಿತ್ತಾಪುರಕ್ಕೆ ಮರಳುವ ರೈಲಿನಲ್ಲಿ ಹ್ಯಾನ್ಸ್ ಗೈಗರ್ ಬಗ್ಗೆ ಓದಿದೆ. 1882ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1908ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಜೊತೆ ಮೊದಲ ಕೌಂಟರ್ ಮಾಡಿದರು. ಆದರೂ ಚಿನ್ನದ ಹಾಳೆಯ ಪ್ರಯೋಗಕ್ಕೆ ಕತ್ತಲ ಕೋಣೆಯಲ್ಲಿ ಕೂತು ಬೆಳಕಿನ ಚುಕ್ಕೆಗಳನ್ನು ಕಣ್ಣಲ್ಲೇ ಎಣಿಸಬೇಕಾಯಿತು. ನಂಬಬಹುದಾದ ಟ್ಯೂಬ್ ಬಂದದ್ದು 1928ರಲ್ಲಿ, ಶಿಷ್ಯ ಮ್ಯೂಲರ್ ಜೊತೆ. ಇಪ್ಪತ್ತು ವರ್ಷ! 1945ರಲ್ಲಿ, ಯುದ್ಧ ಮುಗಿದ ಮೇಲೆ, ಮನೆ ಕಳೆದುಕೊಂಡು ತೀರಿಕೊಂಡರು.

ಮರುದಿನ ಟ್ಯೂಬ್ ಬಿಚ್ಚಿ ಬೆಳಕಿಗೆ ಹಿಡಿದೆ. ತುದಿಯ ಮೈಕಾದಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗಿನ ಅನಿಲ ಸೋರಿತ್ತು. ಬೀಳಿಸಿದ್ದು ನಾನೇ ಎಂದು ಸರ್‌ಗೆ ಹೇಳಿದೆ. ಬೈಯಲಿಲ್ಲ, ಹೊಸ ಟ್ಯೂಬ್‌ಗೆ ಅರ್ಜಿ ಬರೆಯಲು ನನಗೇ ಹೇಳಿದರು.