ಬೇರುಗಂಟಿನೊಳಗಿನ ಶತ್ರುವನ್ನು ಗುರುತಿಸಿದ ಮೈಲ್ಸ್ ಜೋಸೆಫ್ ಬರ್ಕ್ಲಿ

ಪಾಲಿಹೌಸ್‌ನಲ್ಲಿ ಟೊಮೆಟೊ ಬೆಳೆಯುವ ರೈತ ಬಾಂಧವರೇ, ನೀರು ಗೊಬ್ಬರಗಳ ಕೊರತೆಯಿಲ್ಲದಿದ್ದರೂ ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವುದನ್ನು ನೀವು ಕಂಡಿರಬಹುದು. ಅಂತಹ ಗಿಡವನ್ನು ಕಿತ್ತಾಗ ಬೇರಿನ ತುಂಬ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಬಾಧೆ. ಈ ಬಾಧೆಯನ್ನು 1855ರಲ್ಲಿ ಮೊದಲು ವರದಿ ಮಾಡಿದವರು ಇಂಗ್ಲೆಂಡಿನ ಮೈಲ್ಸ್ ಜೋಸೆಫ್ ಬರ್ಕ್ಲಿ.

ಬರ್ಕ್ಲಿಯವರು 1803ರ ಏಪ್ರಿಲ್ 1ರಂದು ನಾರ್ಥಾಂಪ್ಟನ್‌ಶೈರ್‌ನಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮುಗಿಸಿ ಪಾದ್ರಿಯಾದರು. ಗ್ರಾಮಾಂತರ ಚರ್ಚಿನ ಕರ್ತವ್ಯಗಳ ನಡುವೆಯೇ ಶಿಲೀಂಧ್ರಗಳ ಅಧ್ಯಯನವನ್ನು ಜೀವನದ ಕಾಯಕವಾಗಿಸಿಕೊಂಡರು. ಚಾರ್ಲ್ಸ್ ಡಾರ್ವಿನ್ ತಮ್ಮ ಸಮುದ್ರಯಾನದಲ್ಲಿ ಸಂಗ್ರಹಿಸಿದ ಶಿಲೀಂಧ್ರಗಳನ್ನು ಪರಿಶೀಲಿಸಿದವರೂ ಇವರೇ.

1845ರಲ್ಲಿ ಅಂಗಮಾರಿ ರೋಗವು ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಘೋರ ಕ್ಷಾಮಕ್ಕೆ ಕಾರಣವಾಯಿತು. ತಂಪು ಮಳೆಯಿಂದ ಗಿಡ ಕೊಳೆಯುತ್ತದೆ, ಬೂಷ್ಟು ಆಮೇಲೆ ಬರುತ್ತದೆ ಎಂಬುದು ಅಂದಿನ ಅನೇಕ ವಿದ್ವಾಂಸರ ನಂಬಿಕೆಯಾಗಿತ್ತು. ಬರ್ಕ್ಲಿಯವರು 1846ರ ಪ್ರಬಂಧದಲ್ಲಿ ಇದಕ್ಕೆ ವಿರುದ್ಧವಾಗಿ, ಶಿಲೀಂಧ್ರವೇ ರೋಗದ ಕಾರಣವೆಂದು ವಾದಿಸಿದರು. ಮುಂದೆ ಜರ್ಮನಿಯ ಆಂಟನ್ ಡಿ ಬಾರಿ ಅದನ್ನು ಪ್ರಯೋಗಗಳಿಂದ ದೃಢಪಡಿಸಿದರು.

ಇದೇ ದೃಷ್ಟಿಯಿಂದ ಅವರು ಗಾಜಿನಮನೆಯ ಸೌತೆ ಗಿಡಗಳ ಗಂಟುಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಒಳಗಿರುವ ಸೂಕ್ಷ್ಮ ಹುಳುಗಳನ್ನು ಗುರುತಿಸಿದರು. ಬೆಚ್ಚನೆಯ ತೇವದ ಮಣ್ಣು, ವರ್ಷವಿಡೀ ಒಂದೇ ಬಗೆಯ ಬೆಳೆ, ಇವು ಆ ಗಾಜಿನಮನೆಗೆ ಎಷ್ಟು ಅಪಾಯಕಾರಿಯೋ ಇಂದಿನ ಪಾಲಿಹೌಸ್‌ಗೂ ಅಷ್ಟೇ. ಹುಳು ಮಾಡಿದ ಗಾಯಗಳ ಮೂಲಕ ದುಂಡಾಣು ಸೊರಗು ರೋಗವೂ ಸುಲಭವಾಗಿ ಪ್ರವೇಶಿಸುತ್ತದೆ.

1879ರಲ್ಲಿ ಬರ್ಕ್ಲಿಯವರು ತಮ್ಮ ಅಪಾರ ಶಿಲೀಂಧ್ರ ಸಂಗ್ರಹವನ್ನು ಕ್ಯೂ ಸಸ್ಯೋದ್ಯಾನಕ್ಕೆ ಒಪ್ಪಿಸಿದರು. 1889ರ ಜುಲೈ 30ರಂದು ನಿಧನರಾದರು.

ಅವರ ಜೀವನದಿಂದ ನೀವು ಕಲಿಯಬೇಕಾದ ಪಾಠ ಸರಳವಾದದ್ದು: ಗಿಡ ಸೊರಗಿದಾಗ ಔಷಧಿ ಅಥವಾ ಹೆಚ್ಚುವರಿ ಗೊಬ್ಬರ ಕೊಡುವ ಮೊದಲು ಬೇರನ್ನು ತೊಳೆದು ನೋಡಿ. ಗಂಟುಗಳಿದ್ದಲ್ಲಿ ಈ ಕ್ರಮಗಳನ್ನು ಅನುಸರಿಸಿ:

• ಬೆಳೆ ಮುಗಿದ ಕೂಡಲೇ ಗಿಡಗಳನ್ನು ಬೇರುಸಹಿತ ಕಿತ್ತು, ಪಾಲಿಹೌಸ್‌ನ ಹೊರಗೆ ಒಣಗಿಸಿ ಸುಡಿ.
• ಬೇಸಿಗೆಯಲ್ಲಿ ಮಡಿಗಳಿಗೆ ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು 4ರಿಂದ 6 ವಾರ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ.
• ನಾಟಿಗೆ ಮುನ್ನ ಬೇವಿನ ಹಿಂಡಿಯನ್ನೂ ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರವನ್ನೂ ಮಣ್ಣಿಗೆ ಸೇರಿಸಿ.
• ಸಸಿಗಳನ್ನು ಕೊಳ್ಳುವಾಗ ಕೆಲವನ್ನು ಹೊರತೆಗೆದು ಬೇರುಗಳನ್ನು ಪರೀಕ್ಷಿಸಿ.
• ನಿರೋಧಕ ತಳಿಯೊಂದನ್ನೇ ನೆಚ್ಚಬೇಡಿ. ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ಟೊಮೆಟೊದಲ್ಲಿ ಸಾಮಾನ್ಯವಾಗಿರುವ ಜಂತುಹುಳು ನಿರೋಧಕ ಗುಣ ಕುಂದುತ್ತದೆ.