ಏಳು ಜನರ ಪುಟ್ಟ ಹಡಗು

ದಕ್ಷಿಣ ಧ್ರುವವನ್ನು ಮೊದಲು ತಲುಪಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಯನ್ನು ಈ ಶಾಲೆಯ ಸಮಾಜ ವಿಜ್ಞಾನದ ತರಗತಿಗಳಲ್ಲಿ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನಾರ್ವೆ ದೇಶದ ರೋಆಲ್ಡ್ ಅಮುಂಡ್ಸೆನ್, 1911ರ ಡಿಸೆಂಬರ್ 14 ಎಂದು ಮಕ್ಕಳು ಬರೆಯುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ. ಆ ಒಂದು ಸಾಲಿನ ಹಿಂದಿರುವ ಸಿದ್ಧತೆಯ ವರ್ಷಗಳನ್ನು ಹೇಳಲು ಒಂದು ಪಿರಿಯಡ್ ಸಾಲುತ್ತಿರಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ಅದನ್ನೇ ಬರೆಯೋಣ ಎನಿಸಿತು. ಧ್ರುವ ಮುಟ್ಟುವುದಕ್ಕೂ ಮೊದಲು, ಒಂದು ಹಳೆಯ ಮೀನುಗಾರಿಕೆ ಹಡಗಿನಲ್ಲಿ ಹಿಮದ ನಡುವೆ ಬದುಕಲು ಆತ ತನ್ನನ್ನು ಹೇಗೆ ಸಿದ್ಧಮಾಡಿಕೊಂಡ ಎಂಬುದೇ ಈ ಲೇಖನದ ವಿಷಯ.

ಅಮುಂಡ್ಸೆನ್ ಹುಟ್ಟಿದ್ದು 1872ರ ಜುಲೈ 16ರಂದು, ಹಡಗು ಮಾಲೀಕರ ಮನೆತನದಲ್ಲಿ. ಹದಿನಾಲ್ಕನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಮಗ ಸಮುದ್ರದ ಸಹವಾಸ ಬಿಟ್ಟು ವೈದ್ಯನಾಗಲಿ ಎಂಬುದು ತಾಯಿಯ ಆಸೆ. ಹುಡುಗನ ಮನಸ್ಸು ಬೇರೆಡೆ ಇತ್ತು. ಜಾನ್ ಫ್ರಾಂಕ್ಲಿನ್ ಎಂಬ ಇಂಗ್ಲಿಷ್ ನಾವಿಕನ ಧ್ರುವಯಾತ್ರೆಗಳನ್ನು ಓದಿದ ಮೇಲೆ ಅವನಿಗೆ ಬೇರೆ ಯಾವ ಕನಸೂ ಬೀಳಲಿಲ್ಲ. ನಾರ್ವೆಯ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟು ಮಲಗುತ್ತಿದ್ದ. ತಾಯಿ ಕೇಳಿದರೆ ಒಳ್ಳೆಯ ಗಾಳಿಗಾಗಿ ಎನ್ನುತ್ತಿದ್ದ. ತಾಯಿಯ ಮಾತಿಗೆ ಕಟ್ಟುಬಿದ್ದು ವೈದ್ಯಕೀಯ ತರಗತಿಗೆ ಸೇರಿದನಾದರೂ 1893ರಲ್ಲಿ ಆಕೆ ತೀರಿಕೊಂಡೊಡನೆ ಓದು ಬಿಟ್ಟ. ಆಗ ಅವನಿಗೆ 21 ವರ್ಷ.

ಓದು ಬಿಟ್ಟವನು ಕಲಿಯುವುದನ್ನು ಬಿಡಲಿಲ್ಲ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ಹಿಂದಿನ ಯಾತ್ರೆಗಳ ವೃತ್ತಾಂತಗಳನ್ನು ಓದುವಾಗ ಅವನಿಗೆ ಒಂದು ದೋಷ ಕಂಡಿತ್ತು. ಯಾತ್ರೆಯ ಮುಖ್ಯಸ್ಥ ಒಬ್ಬ, ಹಡಗಿನ ಕ್ಯಾಪ್ಟನ್ ಇನ್ನೊಬ್ಬ ಆದಾಗ ಹಡಗಿನಲ್ಲಿ ಎರಡು ಪಂಗಡಗಳಾಗುತ್ತಿದ್ದವು. ಹಾಗಾಗದಿರಲು ತಾನೇ ನಾವಿಕನಾಗಬೇಕೆಂದು ನಿಶ್ಚಯಿಸಿದ. ಸೀಲ್ ಬೇಟೆಯ ಹಡಗಿನಲ್ಲಿ ಸಾಮಾನ್ಯ ಕೂಲಿಯಾಳಾಗಿ ಸೇರಿ, ಪರೀಕ್ಷೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ.

1897ರಲ್ಲಿ ಬೆಲ್ಜಿಕಾ ಎಂಬ ಹಡಗಿನ ಅಧಿಕಾರಿಯಾಗಿ ದಕ್ಷಿಣದ ಹಿಮಸಮುದ್ರಕ್ಕೆ ಹೋದ. 1898ರಲ್ಲಿ ಆ ಹಡಗು ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡು ಒಂದು ವರ್ಷ ಅಲುಗಾಡಲಿಲ್ಲ. ಚಳಿಗಾಲದ ಉಡುಪು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಸೂರ್ಯ ಕಾಣದ ತಿಂಗಳುಗಳಲ್ಲಿ ಡಬ್ಬಿಯ ಆಹಾರ ತಿಂದು ತಿಂದು ಎಲ್ಲರಿಗೂ ಸ್ಕರ್ವಿ ಹಿಡಿಯಿತು. ಸಿ ಜೀವಸತ್ವದ ಕೊರತೆಯಿಂದ ಬರುವ ರೋಗವಿದು ಎಂದು ಇಂದು ನಮ್ಮ ಎಂಟನೇ ತರಗತಿಯ ಮಗುವೂ ಹೇಳುತ್ತದೆ. ಆಗ ಅದು ಯಾರಿಗೂ ತಿಳಿದಿರಲಿಲ್ಲ. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಎಂಬಾತ ಸೀಲ್ ಮತ್ತು ಪೆಂಗ್ವಿನ್‌ಗಳ ಹಸಿ ಮಾಂಸ ತಿನ್ನಲೇಬೇಕೆಂದು ಹಟ ಹಿಡಿದ. ಮುಖ್ಯಸ್ಥನಿಗೆ ಅದು ಸೇರುತ್ತಿರಲಿಲ್ಲ. ತಿಂದವರು ಚೇತರಿಸಿಕೊಂಡರು. ಅಮುಂಡ್ಸೆನ್ ಇದನ್ನೆಲ್ಲ ನೋಡಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಬೇರೆಯವರ ಸಂಕಟದಿಂದ ಪಾಠ ಕಲಿಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಊರಿಗೆ ಮರಳಿದ ಮೇಲೆ ಅವನ ಸ್ವಂತ ಯಾತ್ರೆಯ ಸಿದ್ಧತೆ ಶುರುವಾಯಿತು. ಕೆನಡಾದ ಉತ್ತರದ ದ್ವೀಪಗಳ ನಡುವೆ ಹಾಯ್ದು ಅಟ್ಲಾಂಟಿಕ್‌ನಿಂದ ಪೆಸಿಫಿಕ್ ಸಾಗರಕ್ಕೆ ಹೋಗುವ ದಾರಿಯನ್ನು ವಾಯವ್ಯ ಮಾರ್ಗ ಎನ್ನುತ್ತಾರೆ. ಅಲ್ಲಿಯವರೆಗೆ ಯಾವ ಹಡಗೂ ಅದನ್ನು ಕೊನೆಮುಟ್ಟಿಸಿರಲಿಲ್ಲ. ಅವನನ್ನು ಹುರಿದುಂಬಿಸಿದ ಅದೇ ಫ್ರಾಂಕ್ಲಿನ್ 1845ರಲ್ಲಿ ಎರಡು ದೊಡ್ಡ ಹಡಗು ಕಟ್ಟಿಕೊಂಡು ಆ ದಾರಿ ಹಿಡಿದಿದ್ದ. ಅವನೂ ಸೇರಿ ಹಿಮದಲ್ಲಿ ಸಿಲುಕಿದ 129 ಮಂದಿಯಲ್ಲಿ ಒಬ್ಬನೂ ಮನೆಗೆ ಬರಲಿಲ್ಲ.

ಅಮುಂಡ್ಸೆನ್ ಚಿಕ್ಕದನ್ನು ಆರಿಸಿಕೊಂಡ. 1901ರಲ್ಲಿ ಟ್ರೊಮ್ಸೊ ಊರಿನಲ್ಲಿ ಯೋವಾ ಎಂಬ ಹಡಗನ್ನು ಕೊಂಡ. ಹೆರಿಂಗ್ ಮೀನು ಹಿಡಿಯಲು ಕಟ್ಟಿದ ಮರದ ಹಡಗು ಅದು. ತೂಕ 47 ಟನ್, ಉದ್ದ ಸುಮಾರು 70 ಅಡಿ. ಅವನು ಹುಟ್ಟಿದ 1872ರಲ್ಲೇ ಅದೂ ನೀರಿಗಿಳಿದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಂತೆ ಕೈಯಲ್ಲಿದ್ದ ಹಣ ಅಷ್ಟೇ ಇತ್ತೆಂಬುದು ನಿಜ. ಆದರೆ ಲೆಕ್ಕಾಚಾರವೂ ಇತ್ತು. ಆಳವಿಲ್ಲದ, ಬಂಡೆ ತುಂಬಿದ ನೀರಿನಲ್ಲಿ ದೊಡ್ಡ ಹಡಗು ನುಸುಳಲಾರದು. ಜನ ಕಡಿಮೆಯಿದ್ದರೆ ಅಲ್ಲೇ ಬೇಟೆಯಾಡಿ ಹಸಿ ಮಾಂಸ ತಿಂದು ಬದುಕಬಹುದು.

ಕೊಂಡ ಕೂಡಲೇ ಹೊರಟುಬಿಡಲಿಲ್ಲ. ಮೊದಲು ಉತ್ತರದ ಹಿಮಸಮುದ್ರದಲ್ಲಿ ಒಂದು ಬೇಸಿಗೆ ಓಡಿಸಿ ಹಡಗಿನ ಗುಣ ನೋಡಿದ. ಹಿಮದ ಹೊಡೆತ ತಡೆಯಲು ಮೈಗೆ ಓಕ್ ಹಲಗೆ ಹೊಡೆಸಿದ, 13 ಅಶ್ವಶಕ್ತಿಯ ಪುಟ್ಟ ಎಂಜಿನ್ ಕೂಡಿಸಿದ. ಭೂಮಿಯ ಉತ್ತರ ಕಾಂತ ಧ್ರುವದ ಅಧ್ಯಯನವೂ ಯಾತ್ರೆಯ ಉದ್ದೇಶವಾಗಿತ್ತು. ಅದಕ್ಕಾಗಿ ಜರ್ಮನಿಗೆ ಹೋಗಿ, ಹ್ಯಾಂಬರ್ಗ್‌ನಲ್ಲಿ ಗೇಯೋರ್ಗ್ ಫಾನ್ ನೊಯ್ಮಾಯರ್ ಎಂಬ ವಯೋವೃದ್ಧ ವಿಜ್ಞಾನಿಯ ಬಳಿ ಕಾಂತತ್ವದ ಅಳತೆಗಳನ್ನು ಕಲಿತ. ಕಾಲೇಜು ಬಿಟ್ಟವನು ಮೂವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾದ.

ಆರು ಮಂದಿ ಸಂಗಾತಿಗಳನ್ನು ಆರಿಸಿದ್ದೂ ಹೀಗೆಯೇ, ಅಳೆದು ಸುರಿದು. ಸ್ಥಳವಿಲ್ಲದ ಹಡಗಿನಲ್ಲಿ ಒಂದೇ ಕೆಲಸ ಬಲ್ಲವನಿಗೆ ಜಾಗವಿರಲಿಲ್ಲ. ಡೆನ್ಮಾರ್ಕಿನ ನೌಕಾಧಿಕಾರಿ ಗಾಡ್‌ಫ್ರೆಡ್ ಹ್ಯಾನ್ಸೆನ್ ಉಪನಾಯಕನೂ ಹೌದು, ನಕ್ಷತ್ರ ನೋಡಿ ಸ್ಥಾನ ಗುರುತಿಸುವವನೂ ಹೌದು, ಫೋಟೊ ತೆಗೆಯುವವನೂ ಹೌದು. ಎಂಜಿನ್ ನೋಡಿಕೊಳ್ಳುವ ರಿಸ್ಟ್‌ವೆಡ್ ಹವಾಮಾನದ ಲೆಕ್ಕವನ್ನೂ ಬರೆಯಬೇಕು. ಅಡುಗೆಯ ಲಿಂಡ್‌ಸ್ಟ್ರೋಮ್ ಹಿಂದೆಯೇ ಧ್ರುವಪ್ರದೇಶದಲ್ಲಿ ಪಳಗಿದವನು. ಐದು ವರ್ಷಕ್ಕಾಗುವಷ್ಟು ಆಹಾರ ಹೇರಿ, ಒಳಗೆ ಹಿಡಿಸದ ಪೆಟ್ಟಿಗೆಗಳನ್ನು ಡೆಕ್ಕಿನ ಮೇಲೆ ಒಟ್ಟಿದರು. ನಡುವೆ ನಾಯಿಗಳು.

ಒಂದು ಮಾತನ್ನು ಮುಚ್ಚಿಡಬಾರದು. ಸಾಲ ಕೊಟ್ಟವರಲ್ಲಿ ಒಬ್ಬ ಹಡಗನ್ನೇ ಜಪ್ತಿ ಮಾಡಿಸುವುದಾಗಿ ಹೆದರಿಸಿದಾಗ, 1903ರ ಜೂನ್ 16ರ ನಡುರಾತ್ರಿ, ಸುರಿಯುವ ಮಳೆಯಲ್ಲಿ ಅವರು ಇಂದಿನ ಓಸ್ಲೊ ನಗರದಿಂದ ಸದ್ದಿಲ್ಲದೆ ಹೊರಟುಬಿಟ್ಟರು. ಇದನ್ನು ಆದರ್ಶವೆಂದು ನಾನು ಹೇಳುವುದಿಲ್ಲ. ಎಷ್ಟೇ ಸಿದ್ಧತೆ ಮಾಡಿದರೂ ಹಣದ ಚಿಂತೆ ಅವನನ್ನು ಜೀವಮಾನವಿಡೀ ಬಿಡಲಿಲ್ಲ.

ದಾರಿಯಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬಿತ್ತು, ಆರಿಸಿದರು. ಹಡಗು ಬಂಡೆಯ ಮೇಲೆ ಕೂತಿತು, ಡೆಕ್ಕಿನ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದು ಹಗುರಮಾಡಿ ಬಿಡಿಸಿಕೊಂಡರು. ಕಿಂಗ್ ವಿಲಿಯಂ ದ್ವೀಪದ ಒಂದು ಸಣ್ಣ ಕೊಲ್ಲಿಯಲ್ಲಿ ಲಂಗರು ಹಾಕಿ ಎರಡು ಚಳಿಗಾಲ ಕಳೆದರು. ಆ ಜಾಗಕ್ಕೆ ಇಂದಿಗೂ ಹಡಗಿನದೇ ಹೆಸರು.

ಅವನ ಸಿದ್ಧತೆಯ ದೊಡ್ಡ ಪಾಠ ನಡೆದದ್ದು ಅಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಅಲ್ಲಿನ ನೆಟ್ಸಿಲಿಕ್ ಇನ್ಯೂಟ್ ಜನರನ್ನು ಅನಾಗರಿಕರೆಂದು ಅವನು ದೂರವಿಡಲಿಲ್ಲ. ಅವರ ಮುಂದೆ ಶಿಷ್ಯನಾಗಿ ಕೂತ. ಹಿಮದ ಇಟ್ಟಿಗೆ ಕೊಯ್ದು ಮನೆ ಕಟ್ಟುವುದು, ಜಾರುಗಾಡಿಯ ಅಡಿಗೆ ಮಂಜುಗಡ್ಡೆ ಸವರುವುದು, ನಾಯಿ ಹೂಡುವುದು, ಎಲ್ಲವನ್ನೂ ಅವರಿಂದ ಕಲಿತ. ಉಣ್ಣೆಬಟ್ಟೆ ಬಿಟ್ಟು ಹಿಮಸಾರಂಗದ ತೊಗಲಿನ ಸಡಿಲ ಉಡುಪು ತೊಟ್ಟ. ಬೆವರು ಹೊರಗೆ ಹೋಗಬೇಕು, ಶಾಖ ಒಳಗೆ ಉಳಿಯಬೇಕು ಎಂಬ ಗುಟ್ಟು ಆ ಹೆಂಗಸರ ಹೊಲಿಗೆಯಲ್ಲಿತ್ತು. 1831ರಲ್ಲಿ ಗುರುತಿಸಿದ್ದ ಜಾಗದಲ್ಲಿ ಕಾಂತ ಧ್ರುವ ಈಗಿಲ್ಲ, ಅದು ಸರಿಯುತ್ತದೆ ಎಂಬುದು ಅವನ ಅಳತೆಗಳಿಂದ ಸ್ಪಷ್ಟವಾಯಿತು.

1905ರ ಆಗಸ್ಟ್‌ನಲ್ಲಿ ಮತ್ತೆ ಹಾಯಿ ಬಿಚ್ಚಿದರು. ಒಂದು ಕಡೆ ಹಡಗಿನ ತಳಕ್ಕೂ ನೆಲಕ್ಕೂ ಒಂದೇ ಅಂಗುಲ ನೀರಿತ್ತು. ಚಿಕ್ಕ ಹಡಗು ಏಕೆ ಬೇಕಿತ್ತೆಂಬುದಕ್ಕೆ ಉತ್ತರ ಆ ಅಂಗುಲ. ನಿದ್ದೆ ಊಟ ಬಿಟ್ಟ ಆ ವಾರಗಳಲ್ಲಿ ಅಮುಂಡ್ಸೆನ್ ಎಷ್ಟು ಸೊರಗಿದನೆಂದರೆ, 33 ವರ್ಷದವನನ್ನು ಅರವತ್ತು ಎಪ್ಪತ್ತರ ಮುದುಕನೆಂದು ಕಂಡವರು ಎಣಿಸಿದರಂತೆ. ಆಗಸ್ಟ್ 26ರಂದು ಎದುರಿನಿಂದ ಸ್ಯಾನ್ ಫ್ರಾನ್ಸಿಸ್ಕೊದ ತಿಮಿಂಗಿಲ ಬೇಟೆಯ ಹಡಗು ಕಾಣಿಸಿತು. ಕಷ್ಟದ ದಾರಿ ಮುಗಿದಿತ್ತು. ಆದರೂ ಹಿಮ ಮತ್ತೊಂದು ಚಳಿಗಾಲ ಕಟ್ಟಿಹಾಕಿತು. 1906ರ ಮಾರ್ಚ್‌ನಲ್ಲಿ ಸಂಗಾತಿ ವೀಕ್ ಕಾಯಿಲೆಯಿಂದ ತೀರಿಕೊಂಡ. ಆಗಸ್ಟ್ ಕೊನೆಗೆ ಯೋವಾ ಅಲಾಸ್ಕದ ನೋಮ್ ಮುಟ್ಟಿದಾಗ ಏಳರಲ್ಲಿ ಒಬ್ಬನಿರಲಿಲ್ಲ. ಯಾವ ಸಿದ್ಧತೆಗೂ ಒಂದು ಎಲ್ಲೆಯಿದೆ.

ದಕ್ಷಿಣ ಧ್ರುವದ ಯಾತ್ರೆಗೆ ಹೋದಾಗ ಅವನ ಜೊತೆಗಿದ್ದದ್ದು ಇದೇ ಕಲಿಕೆ: ತೊಗಲಿನ ಉಡುಪು, ನಾಯಿಗಳು, ಹಸಿ ಮಾಂಸ. ಯೋವಾದ ಲಿಂಡ್‌ಸ್ಟ್ರೋಮ್ ಅಲ್ಲಿಯೂ ಅಡುಗೆ ಮಾಡಿದ. ಯೋವಾದ ಹೆಲ್ಮರ್ ಹ್ಯಾನ್ಸೆನ್ ಧ್ರುವದಲ್ಲಿ ನಿಂತ ಐವರಲ್ಲಿ ಒಬ್ಬನಾದ.

ಕೊನೆಯ ಯಾತ್ರೆ ಮಾತ್ರ ಬೇರೆ ತರಹದ್ದು. 1928ರಲ್ಲಿ ಇಟಲಿಯ ಉಂಬರ್ಟೊ ನೊಬಿಲೆಯ ವಾಯುನೌಕೆ ಉತ್ತರದ ಹಿಮದಲ್ಲಿ ಬಿತ್ತು. ಅಮುಂಡ್ಸೆನ್‌ಗೂ ಅವನಿಗೂ ಬಹಿರಂಗವಾಗಿ ಜಗಳವಾಗಿತ್ತು. ಆದರೂ ಹುಡುಕಲು ಹೊರಟ. ವರ್ಷಗಟ್ಟಲೆ ಯೋಚಿಸಿ ಹೆಜ್ಜೆಯಿಡುತ್ತಿದ್ದ ಮನುಷ್ಯ ಈ ಸಲ ಅವಸರದಲ್ಲಿ ಸಿಕ್ಕ ವಿಮಾನ ಹತ್ತಿದ. ಜೂನ್ 18ರಂದು ಅದು ಹಾರಿದ್ದು ಟ್ರೊಮ್ಸೊದಿಂದ, ಯೋವಾವನ್ನು ಕೊಂಡ ಅದೇ ಊರಿನಿಂದ. ನೊಬಿಲೆ ಬದುಕುಳಿದ. ಅಮುಂಡ್ಸೆನ್ ಮತ್ತು ಜೊತೆಯವರು ಮರಳಲಿಲ್ಲ.

ನಮ್ಮ ಶಾಲೆಯಿಂದ ಹೊರಟ ಮಕ್ಕಳು ಐವತ್ತು ವರ್ಷಗಳಿಂದ ಚಿಕ್ಕ ಹಡಗುಗಳಲ್ಲೇ ಹೊರಟಿದ್ದಾರೆ. ಕೈಯಲ್ಲಿ ಹಣ ಕಡಿಮೆ, ಬೆನ್ನಿಗೆ ಬಲ ಕಡಿಮೆ. ಅವರಿಗೂ ಇನ್ನು ಹೊರಡುವವರಿಗೂ ಈ ಮೇಷ್ಟರದು ಎರಡೇ ಮಾತು. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ, ತಿಳಿದವರು ಯಾರೇ ಆಗಿರಲಿ ಅವರ ಮುಂದೆ ಕೂತು ಮೊದಲೇ ಕಲಿಯಿರಿ. ಆದರೆ ಒಂದು ಜೀವ ಆಪತ್ತಿನಲ್ಲಿದೆ ಎಂದಾಗ, ಅದು ಜಗಳವಾಡಿದವನ ಜೀವವೇ ಆಗಿರಲಿ, ಸಿದ್ಧತೆ ಸಾಲದೆಂದು ಮನೆಯಲ್ಲಿ ಕೂರಬೇಡಿ.